ಸ್ಟಾಂಪು ಶೆಟ್ಟರು ಮತ್ತು ನಮ್ಮ ಪ್ರೆಸ್ಸಿನ ಅಂಟು

ಅಚ್ಚಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ನನ್ನ ಮನೆಗೆ ಬರುತ್ತಾರೆ. ಸೀಸದ ಅಚ್ಚುಮೊಳೆ ಜೋಡಿಸುವ ಕಾಲ ಮುಗಿದು ಹೋಗಿದೆ, ಈಗ ಕಂಪ್ಯೂಟರಿನ ಮುಂದೆ ಕುಳಿತು ಬೆರಳಾಡಿಸಿದರೆ ಪುಟ ಸಿದ್ಧ. ಆದರೂ ಅವರಿಗೆ ಹಳೆಯದನ್ನು ತಿಳಿಯುವ ಆಸೆ. "ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು?" ಎಂದು ಕೇಳುತ್ತಾರೆ. "ಹೆದರಿಕೆಯದ್ದು" ಎನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆಗೆ ಹೇಳಿದ್ದಲ್ಲ. ಕೈಯಲ್ಲಿ ಹಿಡಿದ ಗ್ಯಾಲಿ, ಅಂದರೆ ಮೊಳೆಯ ತಟ್ಟೆ, ಜಾರಿದರೆ ಜೋಡಿಸಿಟ್ಟ ಪುಟಗಳೆಲ್ಲ ನೆಲದ ಮೇಲೆ ಸೀಸದ ರಾಶಿ, ಅದಕ್ಕೆ ಹೆದರಿಕೆ. ಆ ಸೀಸದ ಕೈ ತೊಳೆಯದೆ ಊಟಕ್ಕೆ ಕುಳಿತರೆ ಹೊಟ್ಟೆ ಕೆಡುತ್ತದೆ, ಅದಕ್ಕೆ ಹೆದರಿಕೆ. ಧಣಿಗಳ ಮೆಟ್ಟಿನ ಸದ್ದಿಗೆ ಹೆದರಿಕೆ. ಇವೆಲ್ಲ ಸಣ್ಣವು. ದೊಡ್ಡದೊಂದು ಉಂಟು, ಅದನ್ನು ಹೇಳುವುದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ.

ನಾನು ಕಂಪೋಸಿಂಗ್ ಕಲಿತದ್ದು ಬಂಟ್ವಾಳ ಪೇಟೆಯ ಒಂದು ಪ್ರೆಸ್ಸಿನಲ್ಲಿ. ಕಾಲಿನಲ್ಲಿ ತುಳಿದು ಅಚ್ಚು ಹಾಕುವ ಒಂದು ಟ್ರೆಡಲ್ ಯಂತ್ರ, ಮೊಳೆ ತುಂಬಿದ ಕೆಲವು ಕೇಸುಗಳು, ಹಿಂದಿನ ಜಗಲಿಯಲ್ಲಿ ಬೈಂಡಿಂಗ್. ಅಚ್ಚಿನ ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ಮೊದಲ ಆರು ತಿಂಗಳು ಅದನ್ನು ಓದುವುದರಲ್ಲೇ ನನ್ನ ತಲೆ ತಿರುಗಿತು. ಆಮೇಲೆ ಎಷ್ಟು ಅಭ್ಯಾಸವಾಯಿತೆಂದರೆ, ದೇವಸ್ಥಾನದ ಗೋಡೆಯ ಮೇಲೆ ನೇರವಾಗಿ ಬರೆದ ಬೋರ್ಡು ನೋಡಿದರೆ ಯಾರೋ ತಪ್ಪು ಬರೆದಿದ್ದಾರೆ ಎನ್ನಿಸುತ್ತಿತ್ತು.

ಧಣಿಗಳೆಂದರೆ ಪ್ರಭುಗಳು. ಕೊಂಕಣಿ ಮಾತಾಡುವವರು, ಬಿಳಿ ಪಂಚೆ, ಮೂಗಿನಲ್ಲಿ ಯಾವಾಗಲೂ ನಸ್ಯ. ತಪ್ಪು ಸಿಕ್ಕಿದರೆ ಬೈಯುತ್ತಿರಲಿಲ್ಲ, ಪ್ರೂಫಿನ ಕಾಗದವನ್ನು ನಮ್ಮ ಎದುರಿಗಿಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಅದಕ್ಕಿಂತ ಬೈಗುಳವೇ ಎಷ್ಟೋ ವಾಸಿ. ಮದುವೆ ಕಾಗದಕ್ಕೂ ಬೊಜ್ಜದ ಕಾಗದಕ್ಕೂ, ಅಂದರೆ ಸತ್ತವರ ಉತ್ತರಕ್ರಿಯೆಯದ್ದಕ್ಕೂ, ಕೆಲವು ಸಾಲುಗಳನ್ನು ನಾವು ಜೋಡಿಸಿಯೇ ಇಟ್ಟುಕೊಂಡಿದ್ದೆವು. ನನ್ನ ಪಕ್ಕದ ಕೇಸಿನವನು ಒಮ್ಮೆ ಬೊಜ್ಜದ ಕಾಗದದ ಕೊನೆಗೆ "ವಧೂವರರನ್ನು ಆಶೀರ್ವದಿಸಬೇಕಾಗಿ ವಿನಂತಿ" ಎಂಬ ಸಾಲನ್ನು ಕೂರಿಸಿಬಿಟ್ಟ. ಕಾಗದ ಊರೆಲ್ಲ ಹಂಚಿಯೂ ಆಯಿತು. ಸತ್ತವರ ಮಗ ಪ್ರೆಸ್ಸಿಗೆ ಬಂದು ಅತ್ತದ್ದನ್ನು ಕಂಡ ಮೇಲೆ ಅವನು ಕೆಲಸ ಬಿಟ್ಟೇ ಹೋದ. ನಮ್ಮ ಕೈಯಿಂದ ಹೊರಟ ಕಾಗದ ಜನರ ಮನೆಯೊಳಗೆ ಹೋಗಿ ಏನೇನು ಮಾಡುತ್ತದೆ ಎಂದು ನಾನು ಮೊದಲು ತಿಳಿದದ್ದು ಅವತ್ತು.

ಪ್ರೆಸ್ಸಿಗೆ ಹೆಸರು ತಂದದ್ದು ಪತ್ತೇದಾರಿ ಕಾದಂಬರಿಗಳು. ತಿಂಗಳಿಗೆ ಒಂದು ಭಾಗ, ತೆಳ್ಳಗಿನ ಪುಸ್ತಕ, ಮುಖಪುಟದಲ್ಲಿ ಚಾಕುವೋ ಪಿಸ್ತೂಲೋ. ಬರೆಯುತ್ತಿದ್ದವರು ಮಿಜಾರಿನ ರಾಘವ ಮಾಸ್ಟ್ರು, ಬಹಳ ಸಾಧು ಮನುಷ್ಯ, ಶಾಲೆಯಲ್ಲಿ ಮಕ್ಕಳಿಗೆ ಬೆತ್ತ ತೋರಿಸಿದವರೂ ಅಲ್ಲ. ಬರೆದ ಹಾಳೆಗಳನ್ನು ಮೂಡುಬಿದಿರೆಯ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳುಹಿಸುತ್ತಿದ್ದರು. ಓದುವವನು ಒಂದು ನಿಮಿಷದಲ್ಲಿ ಓದಿ ಮುಗಿಸುವ ಕೊಲೆ ನಮಗೆ ಅರ್ಧ ದಿನದ ಕೆಲಸ. ಕತ್ತಿ ಎತ್ತಿದವನು ಎತ್ತಿಯೇ ಇರುತ್ತಾನೆ, ನಾವು ಒಂದೊಂದೇ ಮೊಳೆ ಹುಡುಕಿ ಸಾಲು ಜೋಡಿಸುವ ಸ್ಟಿಕ್ಕಿಗೆ ಹಾಕುತ್ತಿರುತ್ತೇವೆ. ಊಟಕ್ಕೆ ಹೋಗಿ ಬಂದರೂ ಅವನು ಅಲ್ಲೇ ನಿಂತಿರುತ್ತಾನೆ. ಅಂಥ ದಿನ ಹೊಳೆಬದಿಯ ದಾರಿಯಲ್ಲಿ ಮನೆಗೆ ನಡೆಯುವಾಗ ನಾನು ಹಿಂದೆ ತಿರುಗಿ ನೋಡದೆ ಹೆಜ್ಜೆ ಹಾಕಿದ್ದಿಲ್ಲ. ಕೊಲೆಗಾರ ಯಾರೆಂದು ಊರಿಗಿಂತ ಮೊದಲು ತಿಳಿಯುವವರು ನಾವು. ಅದನ್ನು ಹೊರಗೆ ಹೇಳಿದರೆ ಕೆಲಸ ಹೋಯಿತೆಂದೇ ಲೆಕ್ಕ.

ಐವತ್ತರ ದಶಕದಲ್ಲಿ ಮಾಸ್ಟ್ರು ಒಂದು ಸ್ಟಾಂಪಿನ ಕಥೆ ಬರೆದರು. ಶ್ರೀಮಂತನೊಬ್ಬ ದೇಶವಿದೇಶದ ಅಂಚೆಚೀಟಿ ಕೂಡಿಸುತ್ತಾನೆ. ಅವನ ಹತ್ತಿರ ರಾಜನ ತಲೆ ಕೆಳಗಾಗಿ ಅಚ್ಚಾದ ಒಂದು ಚೀಟಿ ಉಂಟು, ಅದಕ್ಕೆ ಅರಮನೆಯ ಬೆಲೆ. ಇದನ್ನು ಜೋಡಿಸುವಾಗ ನಮಗೆಲ್ಲ ನಗು. ನಮ್ಮಲ್ಲಿ ತಲೆ ಕೆಳಗಾಗಿ ಅಚ್ಚಾದರೆ ಪ್ರಭುಗಳು ಬಂದು ಎದುರಿಗೆ ನಿಲ್ಲುತ್ತಿದ್ದರು, ಸ್ಟಾಂಪಿನವರಿಗೆ ಅರಮನೆ! ಆ ಶ್ರೀಮಂತನಿಗೆ ದಿನಾ ಸಂಜೆ ಹೊಟ್ಟೆನೋವು ಬರುತ್ತದೆ. ಯಾರೋ ಸ್ವಲ್ಪ ಸ್ವಲ್ಪವೇ ವಿಷ ಹಾಕುತ್ತಿದ್ದಾರೆ. ಯಾರು? ಅದು ಕೊನೆಯ ಭಾಗದಲ್ಲಿ.

ಸ್ಟಾಂಪಿನ ವಿಚಾರ ಮಾಸ್ಟ್ರಿಗೆ ಹೇಳಿಕೊಟ್ಟವರು ಸಿದ್ಧಕಟ್ಟೆಯ ಬಾಬು ಶೆಟ್ಟರು. ದೊಡ್ಡ ಮನೆತನದವರು, ಪ್ರಾಯದಲ್ಲಿ ಬೊಂಬಾಯಿಯಲ್ಲಿದ್ದು ಬಂದವರು. ಕೊಲಂಬೊ, ರಂಗೂನು, ಆಫ್ರಿಕ ಎಂದು ಹಡಗು ಹತ್ತಿ ಹೋದವರ ಮನೆಗಳಿಗೆ ಬಂದ ಲಕೋಟೆಗಳನ್ನೆಲ್ಲ ಬೇಡಿ ತಂದು, ಚೀಟಿಯನ್ನು ನೀರಿನಲ್ಲಿ ನೆನೆಹಾಕಿ ಬಿಡಿಸಿ, ಒಣಗಿಸಿ, ಆಲ್ಬಮ್ಮಿಗೆ ಅಂಟಿಸುತ್ತಿದ್ದರು. ಊರಿನವರ ಬಾಯಲ್ಲಿ ಸ್ಟಾಂಪು ಶೆಟ್ಟರು. ಮಕ್ಕಳಿರಲಿಲ್ಲ. ಹೆಂಡತಿ ಗಿರಿಜಕ್ಕ, ತವರು ಬೆಳ್ತಂಗಡಿ ಪಕ್ಕದ ಲಾಯಿಲ. ಕಥೆಯ ಮೊದಲ ಭಾಗ ಬಂದಾಗ ಶೆಟ್ಟರಿಗೆ ಹಿಗ್ಗೋ ಹಿಗ್ಗು. ತಿಂಗಳು ತಿಂಗಳು ಅಂಚೆಗೆ ಕಾಯದೆ ತಾವೇ ಬಸ್ಸು ಹತ್ತಿ ಪ್ರೆಸ್ಸಿಗೆ ಬಂದು, ಅಂಟು ಒಣಗದ ಪುಸ್ತಕವನ್ನೇ ಒಯ್ಯುತ್ತಿದ್ದರು.

ಹಾಗೆ ಬಂದಾಗ ಹಿಂದಿನ ಜಗಲಿಗೂ ಹೋಗುತ್ತಿದ್ದರು. ಅಲ್ಲಿ ಲಾದ್ರು ಪೊರ್ಬುಗಳು ಬೈಂಡಿಂಗ್ ಮಾಡುತ್ತಿದ್ದರು. ಕ್ರೈಸ್ತರನ್ನು ನಮ್ಮಲ್ಲಿ ಗೌರವದಿಂದ ಪೊರ್ಬುಗಳು ಎನ್ನುವುದು. ಮಂಗಳೂರಿನಲ್ಲಿ ಕೆಲಸ ಕಲಿತ ಮುದುಕರು, ಮಾತು ಕಡಿಮೆ. ಪುಸ್ತಕ ಅಂಚೆಗೆ ಹಾಕುವಾಗ ಸುತ್ತಿದ ಕಾಗದ ಬಿಚ್ಚದ ಹಾಗೆ ಹಚ್ಚಲು ಅವರು ತೆಳು ಕಾಗದಕ್ಕೆ ಅಂಟು ಬಳಿದು ಒಣಗಿಸಿ ಪಟ್ಟಿ ಕತ್ತರಿಸಿ ಇಡುತ್ತಿದ್ದರು. ಒದ್ದೆ ಬಟ್ಟೆ ಮುಟ್ಟಿಸಿದರೆ ಸಾಕು, ಹಿಡಿದುಕೊಳ್ಳುತ್ತಿತ್ತು. ಶೆಟ್ಟರಿಗೆ ಅದು ಬಹಳ ಇಷ್ಟವಾಯಿತು. ಮನೆಯ ಗೋಂದಿನಲ್ಲಿ ಅಂಟಿಸಿದರೆ ಸ್ಟಾಂಪನ್ನು ಹುಳ ತಿನ್ನುತ್ತದೆ, ನಿಮ್ಮ ಪಟ್ಟಿಗೆ ಒಂದು ಇರುವೆಯೂ ಬರುವುದಿಲ್ಲ ಎಂದು ಹೇಳಿ ಕಟ್ಟುಕಟ್ಟಾಗಿ ಕೇಳಿ ಒಯ್ದರು. ಇರುವೆ ಯಾಕೆ ಬರುವುದಿಲ್ಲ ಎಂದು ಅವರು ಕೇಳಲಿಲ್ಲ. ನಮಗೆಲ್ಲ ಗೊತ್ತಿದ್ದ ವಿಷಯ, ಹಾಗಾಗಿ ನಮಗೂ ಹೇಳಬೇಕೆಂದು ತೋರಲಿಲ್ಲ.

ಕಥೆ ಮುಗಿಯುತ್ತ ಬರುವಾಗ ಶೆಟ್ಟರು ಇಳಿದು ಹೋಗಿದ್ದರು. ಕೆನ್ನೆ ಒಳಗೆ ಹೋಗಿತ್ತು, ಕೋಲು ಊರಿ ಬಂದಿದ್ದರು. ಪ್ರಭುಗಳು ಇಲ್ಲದ ಹೊತ್ತು ನೋಡಿ ನನ್ನ ಕೇಸಿನ ಹತ್ತಿರ ನಿಂತರು.

"ವಾಸು, ಕೊನೆಯ ಭಾಗ ಬಂದಿದೆಯಾ?"

"ಬಂದಿದೆ ಶೆಟ್ರೆ. ಜೋಡಿಸ್ತಾ ಇದ್ದೇನೆ."

"ಯಾರು ಅದು? ವಿಷ ಹಾಕುವವರು?"

"ಅದು ಹೇಳುವ ಹಾಗಿಲ್ಲ. ಧಣಿಗಳು ಕೊಲ್ತಾರೆ."

ಅವರು ನಗಲಿಲ್ಲ. ಕೇಸಿನ ಅಂಚನ್ನು ಹಿಡಿದುಕೊಂಡರು. "ನನಗೂ ಹೊಟ್ಟೆನೋವು ಮಾರಾಯ. ಸಂಜೆ ಸ್ಟಾಂಪು ಹಿಡಿದು ಕುಳಿತು, ಉಂಡು ಎದ್ದರೆ ಆಯಿತು, ವಾಂತಿ. ಪುಸ್ತಕದಲ್ಲಿ ಇದ್ದ ಹಾಗೆಯೇ. ಮಾಸ್ಟ್ರು ಏನೋ ನೋಡಿಯೇ ಬರೆದದ್ದು. ನಮ್ಮ ಮನೆಯಲ್ಲಿ ಅಡುಗೆ ಮಾಡುವವಳು ಒಬ್ಬಳೇ ಅಲ್ವಾ?"

ನನ್ನ ಎದುರಿನ ಸ್ಟಿಕ್ಕಿನಲ್ಲಿ ಆಗ ಯಾವ ಸಾಲಿತ್ತು ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಕಥೆಯ ಹೆಂಡತಿ ಹಾಲಿನ ಲೋಟ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಶೆಟ್ಟರಿಗೆ ತಿರುಗಿದ ಅಕ್ಷರ ಓದಲು ಬರುವುದಿಲ್ಲ ಎಂದು ಗೊತ್ತಿದ್ದೂ ನಾನು ಅದರ ಮೇಲೆ ಕೈ ಇಟ್ಟೆ. ಇದು ಕಟ್ಟುಕಥೆ, ಡಾಕ್ಟರಿಗೆ ತೋರಿಸಿ ಎಂದೆ. ಅವರು ನನ್ನ ಕೈಯನ್ನೇ ನೋಡುತ್ತಾ ನಿಂತು, ಹೊರಟು ಹೋದರು.

ಕೊನೆಯ ಭಾಗ ಹೊರಬಂತು. ಪುಸ್ತಕ ಬಿಸಿ ದೋಸೆಯ ಹಾಗೆ ಖರ್ಚಾಯಿತು. ಕೆಲವೇ ದಿನದಲ್ಲಿ ಬಸ್ಸಿನ ಕಂಡಕ್ಟರ್ ಸುದ್ದಿ ತಂದ. ಸ್ಟಾಂಪು ಶೆಟ್ಟರು ಹೆಂಡತಿಯನ್ನು ಎದುರಿಗೆ ಕೂರಿಸಿ, ಗಂಜಿ, ಪಲ್ಯ, ಮಜ್ಜಿಗೆ ಎಲ್ಲವನ್ನೂ ಮೊದಲು ಅವಳಿಗೆ ತಿನ್ನಿಸಿ, ಆಮೇಲೆ ತಾವು ಉಣ್ಣುತ್ತಾರಂತೆ. ಬಸ್ಸಿನವರು ನಕ್ಕರಂತೆ. ನಾವು ಯಾರೂ ನಗಲಿಲ್ಲ.

ಮರುವಾರ ಗಿರಿಜಕ್ಕ ತಾವೇ ಬಂದರು. ಪ್ರೆಸ್ಸಿನೊಳಗೆ ಹೆಂಗಸರು ಕಾಲಿಡುವ ಕಾಲ ಅದಲ್ಲ. ಟ್ರೆಡಲ್ ತುಳಿಯುವವನು ಕಾಲು ನಿಲ್ಲಿಸಿದ. ಕೈಯಲ್ಲಿ ನಮ್ಮ ಪುಸ್ತಕ, ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದ್ದರು.

"ಇದನ್ನು ಬರೆದವರು ಯಾರು?"

ಪ್ರಭುಗಳು ಎದ್ದು ನಿಂತರು. "ಅದು ಸುಳ್ಳು ಕಥೆ ಅಮ್ಮ. ಕುಳಿತುಕೊಳ್ಳಿ."

"ಕುಳಿತುಕೊಳ್ಳಲಿಕ್ಕೆ ಬಂದದ್ದಲ್ಲ. ಹೆಂಡತಿ ಆಸ್ತಿಗೋಸ್ಕರ ಗಂಡನಿಗೆ ವಿಷ ಹಾಕಿದಳು ಅಂತ ಇದರಲ್ಲಿ ಉಂಟು. ಯಾವ ಊರಿನ ಆಸ್ತಿ ಇದು? ನಮ್ಮದು ಅಳಿಯಕಟ್ಟಿನ ಮನೆ. ಇವರು ಕಣ್ಣು ಮುಚ್ಚಿದರೆ ಮನೆ, ಗದ್ದೆ, ಆ ಸ್ಟಾಂಪಿನ ಪೆಟ್ಟಿಗೆ ಎಲ್ಲ ಇವರ ಅಕ್ಕನ ಮಗನಿಗೆ. ನಾನು ಬೊಜ್ಜದ ಮರುದಿನ ಸೀರೆ ಗಂಟು ಹಿಡಿದು ಲಾಯಿಲಕ್ಕೆ ಹೋಗಬೇಕು. ಇವರು ಇದ್ದರೆ ಮಾತ್ರ ನನಗೆ ಆ ಮನೆಯಲ್ಲಿ ಒಲೆ ಉಂಟು. ನನ್ನ ಒಲೆಗೆ ನಾನೇ ನೀರು ಹೊಯ್ತೇನಾ?"

ನಮ್ಮ ಸೀಮೆಯ ಎಷ್ಟೋ ಮನೆಗಳ ಕಟ್ಟು ಅದು. ಆಸ್ತಿ ಸೋದರಳಿಯಂದಿರಿಗೆ, ಹೆಂಡತಿಗೆ ಏನೂ ಇಲ್ಲ. ನಾನು ಆ ಪುಟಗಳ ಪ್ರತಿ ಅಕ್ಷರವನ್ನೂ ಮುಟ್ಟಿದವನು, ನನಗೂ ಅದು ಹೊಳೆದಿರಲಿಲ್ಲ.

ಗಿರಿಜಕ್ಕ ಪುಸ್ತಕವನ್ನು ಪ್ರಭುಗಳ ಎದುರಿಗಿಟ್ಟರು. "ಡಾಕ್ಟ್ರು ಬಂದು, ವಾಂತಿಯ ನೀಲಿ ಬಣ್ಣ ನೋಡಿ, ಮನೆಯಲ್ಲಿ ಮೈಲುತುತ್ತು ಉಂಟಾ ಅಂತ ಕೇಳಿದರು. ಅಟ್ಟದಲ್ಲಿ ಚೀಲವೇ ಉಂಟು, ಅಡಿಕೆಗೆ ಕೊಳೆರೋಗಕ್ಕೆ ಹೊಡೆಯಲಿಕ್ಕೆ. ಯಾರ ಅಟ್ಟದಲ್ಲಿ ಇಲ್ಲ ಹೇಳಿ? ನಾಳೆ ಪಟೇಲರು ಬರ್ತಾರೆ. ನನ್ನನ್ನು ಪೊಲೀಸರಿಗೆ ಕೊಡುವುದು ಅಂತ ಮಾತಾಗಿದೆ. ಈಗ ಇವರು ನನ್ನ ಕೈಯ ಗಂಜಿಯನ್ನೂ ಬಿಟ್ಟಿದ್ದಾರೆ. ಎಳನೀರು ಕುಡಿಯುವುದು, ಇಡೀ ದಿನ ಆ ಸ್ಟಾಂಪಿನ ಎದುರು ಕುಳಿತು ಪಟ್ಟಿ ನೆಕ್ಕಿ ನೆಕ್ಕಿ ಅಂಟಿಸುವುದು. ಮತ್ತೂ ವಾಂತಿ ನಿಲ್ಲಲಿಲ್ಲ."

ಹಿಂದಿನ ಬಾಗಿಲಲ್ಲಿ ಅಂಟಿನ ಕುಂಚ ಹಿಡಿದು ನಿಂತಿದ್ದ ಲಾದ್ರು ಪೊರ್ಬುಗಳ ಕೈಯಿಂದ ಕುಂಚ ಕೆಳಗೆ ಬಿತ್ತು.

ಅಂಟು ಮಾಡುವುದು ಹೀಗೆ: ಮೈದಾ ಹಿಟ್ಟು ಕಲಸಿ ಒಲೆಯ ಮೇಲಿಟ್ಟು ಕೈಯಾಡಿಸುವುದು, ಜಿರಲೆ, ಇರುವೆ, ಹುಳ ತಿನ್ನದ ಹಾಗೆ ಅದಕ್ಕೆ ಮೈಲುತುತ್ತು, ಆ ನೀಲಿ ವಿಷವನ್ನೇ, ಹಾಕುವುದು. ನಾವು ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯುತ್ತಿದ್ದದ್ದು ಸೀಸಕ್ಕೆ ಮಾತ್ರ ಅಲ್ಲ. ಪ್ರಭುಗಳು ಪೊರ್ಬುಗಳನ್ನು ನೋಡಿದರು, ನನ್ನನ್ನು ನೋಡಿದರು. "ಲಾದ್ರು, ಒಳಗೆ ಹೋಗು" ಎಂದರು. ಗಿರಿಜಕ್ಕನಿಗೆ ಏನೋ ಸಮಾಧಾನ ಹೇಳಿ ಬಸ್ಸಿಗೆ ಕಳುಹಿಸಿದರು. ಅವರು ಹೋದ ಮೇಲೆ ಬಾಗಿಲು ಹಾಕಿದರು.

"ಯಾರೂ ಏನೂ ಕೇಳಿದ್ದಿಲ್ಲ. ಪೊಲೀಸರು ಬಂದರೆ ಪ್ರೆಸ್ಸಿಗೆ ಬೀಗ ಹಾಕ್ತಾರೆ. ಲಾದ್ರುವನ್ನು ಒಯ್ತಾರೆ. ನಿಮ್ಮ ಎಲ್ಲರ ಮನೆಯಲ್ಲೂ ಮಕ್ಕಳು ಉಂಟು." ನಸ್ಯದ ಡಬ್ಬಿ ತೆರೆಯಲು ಹೋದರು, ಮುಚ್ಚಳ ಬರಲಿಲ್ಲ. ಅವರನ್ನು ಕೆಟ್ಟವರೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಅವರಿಗೂ ನಮ್ಮಷ್ಟೇ ಹೆದರಿಕೆ, ಆದರೆ ಅವರ ತಲೆಯ ಮೇಲೆ ಹೊರೆ ಹೆಚ್ಚು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಪೊರ್ಬುಗಳು ಬಸ್ಸು ನಿಲ್ಲುವಲ್ಲಿ ನಿಂತಿದ್ದರು. ಭಾನುವಾರ ಇಗರ್ಜಿಗೆ ಪ್ರಾರ್ಥನೆಗೆ ಹೋಗುವಾಗ ಹಾಕುವ ಕೋಟು ಹಾಕಿದ್ದರು.

"ವಾಸು, ಸಿದ್ಧಕಟ್ಟೆಗೆ ಬರ್ತೀಯಾ? ಒಬ್ಬನಿಗೆ ಹೆದರಿಕೆ ಆಗ್ತದೆ."

"ಧಣಿಗಳು ಕೆಲಸದಿಂದ ತೆಗೀತಾರೆ ಪೊರ್ಬುಗಳೇ."

"ತೆಗೆಯಲಿ. ಆ ಅಮ್ಮನ ತಲೆಗೆ ಬಂದದ್ದನ್ನು ತೆಗೆಯುವವರು ಬೇರೆ ಯಾರುಂಟು?"

ನಾನು ಬಸ್ಸು ಹತ್ತಿದ್ದು ಧೈರ್ಯದಿಂದಲ್ಲ. ಬೇಡ ಎನ್ನಲು ಬಾಯಿ ಬರಲಿಲ್ಲ, ಅಷ್ಟೆ. ದಾರಿಯುದ್ದಕ್ಕೂ ಎದುರಿನಿಂದ ಜೀಪು ಬಂದರೆ ಪೊಲೀಸರದ್ದೋ ಎಂದು ತಲೆ ತಗ್ಗಿಸುತ್ತಿದ್ದೆ.

ಶೆಟ್ಟರ ಚಾವಡಿಯಲ್ಲಿ ಪಟೇಲರು ಕುಳಿತಾಗಿತ್ತು, ಊರಿನ ನಾಲ್ಕು ಹಿರಿಯರೂ ಇದ್ದರು. ಶೆಟ್ಟರು ದಿಂಬಿಗೆ ಒರಗಿದ್ದರು, ಮಡಿಲಲ್ಲಿ ಆಲ್ಬಮ್ಮು. ಗಿರಿಜಕ್ಕ ಒಳಬಾಗಿಲಿಗೆ ಒರಗಿ ನಿಂತಿದ್ದರು. ನಮ್ಮನ್ನು ಕಂಡಾಗ ಅವರ ಮುಖದಲ್ಲಿ ಆಸೆ ಕಾಣಲಿಲ್ಲ, ಇನ್ನೂ ಏನು ಬಂತೋ ಎಂಬ ಭಯ ಕಂಡಿತು. ಪೊರ್ಬುಗಳು ನಿಂತಲ್ಲೇ ಎಲ್ಲ ಹೇಳಿದರು. ಅಂಟಿಗೆ ಮೈಲುತುತ್ತು ಹಾಕುವವನು ನಾನು, ಪಟ್ಟಿ ಕೊಟ್ಟವನು ನಾನು, ನೀವು ನೆಕ್ಕುತ್ತೀರೆಂದು ತಿಳಿದಿರಲಿಲ್ಲ ಎಂದರು.

ಶೆಟ್ಟರು ಇಲ್ಲ ಎಂಬಂತೆ ತಲೆಯಾಡಿಸಿದರು. "ನಿನ್ನೆ ಇವಳು ನಿಮ್ಮ ಪ್ರೆಸ್ಸಿಗೆ ಬಂದದ್ದು ನನಗೆ ಗೊತ್ತುಂಟು. ಅತ್ತು ಕರೆದು ನಿಮ್ಮನ್ನು ಒಲಿಸಿಕೊಂಡಿದ್ದಾಳೆ. ಕಥೆಯಲ್ಲಿಯೂ ಹೀಗೆಯೇ ಒಬ್ಬ ಮುದುಕ ಬಂದು ಸುಳ್ಳು ಸಾಕ್ಷಿ ಹೇಳ್ತಾನೆ."

ಅದು ನಿಜ. ಆ ಪುಟವನ್ನು ಜೋಡಿಸಿದವನೂ ನಾನೇ. ಇವರ ಹತ್ತಿರ ಇನ್ನು ಯಾವ ಮಾತು ಆಡಿದರೂ ಅದು ಪುಸ್ತಕದಲ್ಲಿ ಎಲ್ಲೋ ಒಂದು ಕಡೆ ಇರುತ್ತದೆ ಎಂದು ಅನ್ನಿಸಿತು.

ಪೊರ್ಬುಗಳು ಕೋಟಿನ ಕಿಸೆಯಿಂದ ಪಟ್ಟಿಯ ಕಟ್ಟು ತೆಗೆದು ಚಾವಡಿಯ ಮೆಟ್ಟಿಲ ಮೇಲೆ ಕುಳಿತರು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಒಂದು ಪಟ್ಟಿ ತೆಗೆದು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೆಕ್ಕಿ, ಪಕ್ಕಕ್ಕೆ ಇಟ್ಟರು. ಇನ್ನೊಂದು ತೆಗೆದರು. "ಬೇಡ ಪೊರ್ಬುಗಳೇ" ಎಂದೆ. ಪಟೇಲರು ಏಳಲು ನೋಡಿ, ಏನು ಮಾಡುವುದೆಂದು ತಿಳಿಯದೆ ಕುಳಿತುಬಿಟ್ಟರು. ಚಾವಡಿಯಲ್ಲಿ ಮುದುಕರ ನಾಲಗೆ ಕಾಗದಕ್ಕೆ ತಾಗುವ ಸಣ್ಣ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕಟ್ಟು ಮುಗಿಯಿತು. ಎಲ್ಲರೂ ಕಾದೆವು. ಏನೂ ಆಗದಿದ್ದರೆ ಗಿರಿಜಕ್ಕನ ಕಥೆ ಮುಗಿಯಿತು, ಏನಾದರೂ ಆದರೆ ಪೊರ್ಬುಗಳ ಕಥೆ ಮುಗಿಯಿತು. ಯಾವುದು ಆಗಲಿ ಎಂದು ದೇವರ ಹತ್ತಿರ ಕೇಳುವುದು? ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದು ಮತ್ತೊಂದು ಸಲ ಇಲ್ಲ.

ಅವರ ಹಣೆಯಲ್ಲಿ ಬೆವರು ಮೂಡಿತು. ಹೊಟ್ಟೆ ಹಿಡಿದುಕೊಂಡು ಎದ್ದರು, ಅಂಗಳದ ಬದಿಗೆ ಹೋಗಿ ಬಗ್ಗಿದರು. ಬಿದ್ದ ವಾಂತಿಯಲ್ಲಿ ಹಸಿರು ಮಿಶ್ರಿತ ನೀಲಿ ಬಣ್ಣ. ನಾನು ಅವರನ್ನು ಹಿಡಿದುಕೊಂಡೆ. ಉಳಿದ ಗಂಡಸರು ಇದ್ದಲ್ಲಿಂದ ಕದಲಲಿಲ್ಲ. ಗಿರಿಜಕ್ಕ ಒಳಗೆ ಓಡಿ ಚೆಂಬಿನಲ್ಲಿ ಹಾಲು ತಂದರು. ಎಲ್ಲರ ಕಣ್ಣೂ ಆ ಚೆಂಬಿನ ಮೇಲೆ. ಅವರಿಗೂ ಅದು ಗೊತ್ತಾಯಿತು, ಕೈ ಅಲ್ಲೇ ನಿಂತಿತು. ಪೊರ್ಬುಗಳು ಚೆಂಬನ್ನು ಎರಡು ಕೈಯಲ್ಲಿ ತೆಗೆದುಕೊಂಡು ಗಟಗಟ ಕುಡಿದರು.

"ಪೊಲೀಸರಿಗೆ ಇಲ್ಲಿ ಕೆಲಸ ಇಲ್ಲ" ಎಂದು ಪಟೇಲರು ಎದ್ದರು. ಶೆಟ್ಟರು ಆಲ್ಬಮ್ಮು ಮುಚ್ಚಿದರು. ಹೆಂಡತಿಯ ಕಡೆ ನೋಡಲಿಲ್ಲ.

ಪೊರ್ಬುಗಳು ಒಂದು ವಾರ ಹಾಸಿಗೆಯಲ್ಲಿದ್ದು ಎದ್ದರು. ಶೆಟ್ಟರೂ ಪಟ್ಟಿ ಬಿಟ್ಟ ಮೇಲೆ ಗುಣವಾದರು. ಪ್ರಭುಗಳು ನಮ್ಮಿಬ್ಬರಿಗೂ ಒಂದು ಮಾತು ಹೇಳಲಿಲ್ಲ, ತೆಗೆಯಲೂ ಇಲ್ಲ. ಅಂಟಿನ ಮಡಕೆಯನ್ನು ಹಿತ್ತಿಲಲ್ಲಿ ಹೂಳಿಸಿದರು. ಅಲ್ಲಿಂದ ಮುಂದೆ ಅಂಟಿಗೆ ಲವಂಗದ ಪುಡಿ. ಜಿರಲೆಗಳಿಗೆ ಅದು ಬಹಳ ರುಚಿಸಿತು ಎಂದು ಕಾಣುತ್ತದೆ, ಬೈಂಡಿಂಗಿಗೆ ಇಟ್ಟ ಪುಸ್ತಕಗಳ ಬೆನ್ನು ತಿಂದು ಹಾಕಿದವು. ಆದರೂ ಪ್ರಭುಗಳು ಮತ್ತೆ ಮೈಲುತುತ್ತು ತರಿಸಲಿಲ್ಲ. ರಾಘವ ಮಾಸ್ಟ್ರಿಗೆ ಗಿರಿಜಕ್ಕನ ಮಾತನ್ನು ನಾನೇ ಹೇಳಿದೆ. "ಹೆಂಡತಿಗೆ ಆಸ್ತಿ ಬರುವುದು ನಾನು ಓದಿದ ಇಂಗ್ಲೀಷು ಪುಸ್ತಕಗಳಲ್ಲಿ ಮಾರಾಯ. ನಾನೂ ಅಳಿಯಕಟ್ಟಿನ ಮನೆಯಲ್ಲೇ ಹುಟ್ಟಿದವನು. ನನ್ನ ತಾಯಿಯ ಹತ್ತಿರ ಒಂದು ಮಾತು ಕೇಳಿದ್ದರೆ ಈ ಕಥೆ ಬರೀತಿರಲಿಲ್ಲ" ಎಂದರು. ಆಮೇಲೆ ಅವರು ಬರೆದದ್ದೆಲ್ಲ ಕಳ್ಳತನದ ಕಥೆಗಳು.

ಅರುವತ್ತರ ದಶಕದ ಕೊನೆಯಲ್ಲಿ ಒಂದು ಶಾಲೆಯ ಕೆಲಸದ ಮೇಲೆ ಬೆಳ್ತಂಗಡಿಗೆ ಹೋಗಿದ್ದೆ. ಪ್ರೂಫು ತೋರಿಸಬೇಕಾಗಿದ್ದವರ ಮನೆ ಲಾಯಿಲದಲ್ಲಿ. ದಾರಿ ಬದಿಯ ಮನೆಯ ಬಾವಿಕಟ್ಟೆಯಿಂದ ಒಬ್ಬರು ಕೂಗಿದರು. "ಪ್ರೆಸ್ಸಿನ ವಾಸು ಅಲ್ವಾ?"

ಗಿರಿಜಕ್ಕ. ತಲೆ ಬೆಳ್ಳಗಾಗಿತ್ತು. ಜಗಲಿಯಲ್ಲಿ ಕೂರಿಸಿದರು. ಶೆಟ್ಟರು ಹೋಗಿ ಎರಡು ವರ್ಷವಾಗಿತ್ತಂತೆ, ನಿದ್ದೆಯಲ್ಲಿಯೇ. ಹಿಂದೆ ಪ್ರೆಸ್ಸಿನಲ್ಲಿ ತಾವೇ ಹೇಳಿದ್ದ ಹಾಗೆ ಗಿರಿಜಕ್ಕ ಬೊಜ್ಜ ಮುಗಿಸಿ, ಸೀರೆ ಗಂಟು ಹಿಡಿದು ಇಲ್ಲಿಗೆ ಬಂದರು. ಸ್ಟಾಂಪೆಲ್ಲ ಸೋದರಳಿಯನ ಪಾಲಿಗೆ. "ಅವನ ಮಕ್ಕಳು ಹರಿದು ಆಡ್ತಾ ಇದ್ದವು. ನೋಡಿ 'ಅಯ್ಯೋ' ಅಂತ ಕಂಡಿತು" ಎಂದರು. ಪೊರ್ಬುಗಳು ತೀರಿಕೊಂಡದ್ದನ್ನು ನಾನು ಹೇಳಿದೆ. ಕಣ್ಣು ಒರೆಸಿಕೊಂಡು ಒಳಗೆ ಹೋಗಿ ಕಾಫಿ ತಂದರು.

ಲೋಟವನ್ನು ನನ್ನ ಕೈಗೆ ಕೊಡುವ ಮೊದಲು ಅದರಿಂದ ಸ್ವಲ್ಪ ತಮ್ಮ ಅಂಗೈಗೆ ಬಗ್ಗಿಸಿ, ನನ್ನ ಎದುರಿಗೇ ಕುಡಿದರು. ಅವರೂ ತಾವು ಮಾಡಿದ್ದನ್ನು ಆಗಲೇ ಗಮನಿಸಿದ ಹಾಗೆ ಕೈ ಸೆರಗಿಗೆ ಒರೆಸಿಕೊಂಡರು.

"ಅಭ್ಯಾಸ ಆಗಿ ಹೋಗಿದೆ."

"ಅವರು ಗುಣ ಆದ ಮೇಲೂ ಹೀಗೆಯೇ ಮಾಡ್ತಿದ್ದಿರಾ ಅಕ್ಕ?"

"ಕೊನೆಯ ದಿನದವರೆಗೂ. ಒಳ್ಳೆಯ ಮನುಷ್ಯ. ಆಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ. ಆದರೆ ಇನ್ನು ಬೇಡ ಅಂತ ಹೇಳಲಿಲ್ಲ." ಲೋಟವನ್ನು ನನ್ನ ಕಡೆಗೆ ಚಾಚಿದರು. "ಕುಡಿಯಿರಿ, ತಣ್ಣಗಾಗ್ತದೆ."